ಅವ್ವನ ಹೆಸರು

ತಾಯಿಯನ್ನು ಕೊಂಡಾಡದ ನಾಡು ಲೋಕದಲ್ಲಿಲ್ಲ. ನಮ್ಮವರಂತೂ ಈ ವಿಷಯದಲ್ಲಿ ಯಾರಿಗೂ ಹಿಂದೆ ಬಿದ್ದವರಲ್ಲ. ಭೂಮಿಯನ್ನು ತಾಯಿ ಎಂದೆವು. ನದಿಯನ್ನು, ನುಡಿಯನ್ನು, ನಾಡನ್ನು ತಾಯಿ ಎಂದೆವು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ ಎಂಬ ಗಾದೆಯನ್ನು ಅರಿಯದವರಾರು? ಆದರೆ ಇಷ್ಟೆಲ್ಲ ಹೊಗಳುವವರನ್ನು ನಿಲ್ಲಿಸಿ, 'ನಿಮ್ಮ ತಾಯಿ ಎಷ್ಟನೆಯ ತರಗತಿಯವರೆಗೆ ಓದಿದರು? ಆ ಓದನ್ನು ಬಿಡಿಸಿದವರು ಯಾರು? ಊರಿನಲ್ಲಿ ಬೇರೆ ಯಾರಿಗೂ ಬಾರದ ಯಾವ ಕೆಲಸ ಅವರಿಗೆ ಬರುತ್ತದೆ?' ಎಂದು ಕೇಳಿದರೆ ಬಹುಮಟ್ಟಿಗೆ ದೊರೆಯುವ ಉತ್ತರ ಮೌನವೇ. ನಾವು ಹೊಗಳುತ್ತಿರುವುದು ತಾಯಿ ಎಂಬ ಭಾವನೆಯನ್ನು. ಮುಂಜಾನೆ ನಾಲ್ಕಕ್ಕೆ ಎದ್ದು ಒಲೆ ಹೊತ್ತಿಸುವ, ಹೆಸರೂ ವಯಸ್ಸೂ ಮೊಣಕಾಲು ನೋವೂ ಉಳ್ಳ ಒಬ್ಬ ಹೆಂಗಸನ್ನಲ್ಲ. ದೇವತೆಯ ಪೀಠದ ಮೇಲೆ ಕುಳ್ಳಿರಿಸಿದವಳನ್ನು 'ಊಟ ಮಾಡಿದೆಯಾ?' ಎಂದು ಯಾರೂ ಕೇಳುವುದಿಲ್ಲ.

ಬೆಳೆದ ಮಗಳು ತಾಯಿಯನ್ನು ಮೆಚ್ಚಿಕೊಳ್ಳುವುದೆಂದರೆ ಈ ಪೀಠದಿಂದ ಆಕೆಯನ್ನು ಕೆಳಗಿಳಿಸಿ ಮನುಷ್ಯಳನ್ನಾಗಿ ಕಾಣುವುದು ಎಂದು ನನ್ನ ಅಭಿಪ್ರಾಯ. ಮಗನೂ ಇದನ್ನು ಮಾಡಬಲ್ಲನು, ಮಾಡಬೇಕು ಕೂಡ. ಆದರೆ ತಾಯಿಯ ಕೆಲಸದ ಭಾರವನ್ನು ತೂಗಿ ನೋಡುವ ಅವಕಾಶ ಮಗಳಿಗೆ ಬೇಗ ಒದಗುತ್ತದೆ. ಆ ಕೊಡವನ್ನು ಆಕೆಯೂ ಹೊತ್ತಿರುತ್ತಾಳೆ. ಇಲ್ಲವೆ, ತಾನು ಹೊರಬಾರದೆಂದು ಇನ್ನೊಬ್ಬಳು ಎರಡು ಕೊಡ ಹೊತ್ತದ್ದನ್ನು ಕಣ್ಣಾರೆ ಕಂಡಿರುತ್ತಾಳೆ. ಕಂಡದ್ದನ್ನು ಕಂಡ ಹಾಗೆ ಹೇಳುವುದಕ್ಕೆ ಸಾಕ್ಷ್ಯವೆಂದು ಹೆಸರು. ಮಗಳ ಮೆಚ್ಚುಗೆ ಸ್ತೋತ್ರವಾಗುವುದಕ್ಕಿಂತ ಸಾಕ್ಷ್ಯವಾಗುವುದು ಮೇಲು.

2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರೂಪುಗೊಂಡ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವ ತಾಲ್ಲೂಕುಗಳು ಐದು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ. ಹಂಪೆಯನ್ನು ನೋಡಲು ಬರುವ ಪ್ರವಾಸಿಗರು ಸಾಮಾನ್ಯವಾಗಿ ಈ ಕಡೆಗೆ ತಿರುಗುವುದಿಲ್ಲ. ಜೋಳ, ಮೆಕ್ಕೆಜೋಳ, ಶೇಂಗಾ ಬೆಳೆಯುವ, ಬಹುಭಾಗ ಮಳೆಯನ್ನೇ ನಂಬಿದ ಸೀಮೆ ಇದು. ಇಲ್ಲಿಯ ತಾಯಂದಿರ ದುಡಿಮೆಯನ್ನು ಬಲ್ಲವರಿಗೆ ನಾನು ಹೇಳುವ ಮಾತು ಹೊಸದೆನಿಸದು.

ಹಡಗಲಿಯ ಮಲ್ಲಿಗೆಯನ್ನೇ ತೆಗೆದುಕೊಳ್ಳೋಣ. ವಿಜಯನಗರದ ಅರಸರ ಕಾಲದಲ್ಲಿ ಹಂಪೆಯ ದೇವಾಲಯಗಳಿಗೆ ಇಲ್ಲಿಂದ ಹೂವು ಹೋಗುತ್ತಿತ್ತೆಂದೂ ಅದರಿಂದಲೇ ಊರಿಗೆ ಹೂವಿನ ಹಡಗಲಿ ಎಂಬ ಹೆಸರು ಬಂದಿತೆಂದೂ ಪ್ರತೀತಿ ಉಂಟು. ಇಂದು ಈ ಮಲ್ಲಿಗೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಹೂವಿನ ಕೀರ್ತಿ ದೊಡ್ಡದು. ಅದರ ಹಿಂದಿನ ಕೆಲಸ ಅದಕ್ಕಿಂತ ದೊಡ್ಡದು. ಮೊಗ್ಗು ಅರಳುವ ಮೊದಲೇ ಕೈಸೇರಬೇಕು. ಆದ್ದರಿಂದ ಬಿಸಿಲೇರುವ ಮುನ್ನ, ಇಬ್ಬನಿ ಆರದ ಗಿಡಗಳ ನಡುವೆ ಬಾಗಿ ನಡೆದು, ಒಂದೊಂದೇ ಮೊಗ್ಗನ್ನು ತೊಟ್ಟು ಮುರಿಯದಂತೆ, ಎಳೆಯದನ್ನು ಮುಟ್ಟದಂತೆ ಬಿಡಿಸಬೇಕು. ಆಮೇಲೆ ಕಟ್ಟುವ ಕೆಲಸ. ಎರಡು ಮೊಗ್ಗು ಈ ಕಡೆಗೆ, ಎರಡು ಆ ಕಡೆಗೆ ಇಟ್ಟು ದಾರದ ಸುತ್ತನ್ನು ಬೆರಳಿನಿಂದ ಬಿಗಿಯುವ ವೇಗವನ್ನು ನೋಡಿಯೇ ನಂಬಬೇಕು. ಕಟ್ಟುವವಳ ಕಣ್ಣು ಹೂವಿನ ಮೇಲಿರುವುದಿಲ್ಲ. ಒಲೆಯ ಮೇಲಿನ ಹಾಲಿನ ಕಡೆಗೋ ಪಾಠ ಒಪ್ಪಿಸುತ್ತಿರುವ ಮಗಳ ಕಡೆಗೋ ಇರುತ್ತದೆ. ಬೆರಳು ಮಾತ್ರ ತಪ್ಪುವುದಿಲ್ಲ. ಇದನ್ನು ನಾವು ಕಲೆಯೆಂದು ಕರೆಯುವುದಿಲ್ಲ, ವಿದ್ಯೆಯೆಂದೂ ಕರೆಯುವುದಿಲ್ಲ. ಹೂ ಕಟ್ಟುವ ಕೂಲಿ ಎಂದು ಕರೆದು ಮುಗಿಸುತ್ತೇವೆ. ಆ ಕೂಲಿಯಿಂದ ನೋಟುಪುಸ್ತಕ ಬಂದಿತು, ಪರೀಕ್ಷೆಯ ಶುಲ್ಕ ಸಂದಿತು, ಕಾಲೇಜಿನ ಬಸ್ಸಿನ ಪಾಸು ಬಂದಿತು. ಮಗಳು ಉದ್ಯೋಗಕ್ಕೆ ಸೇರಿದ ದಿನ ಊರವರು, 'ಹುಡುಗಿ ಬುದ್ಧಿವಂತೆ, ತಾನಾಗಿಯೇ ಮುಂದೆ ಬಂದಳು' ಎಂದು ಹೊಗಳಿದರು. 'ತಾನಾಗಿಯೇ' ಎಂಬ ಆ ಒಂದು ಮಾತಿನಲ್ಲಿ ಎಷ್ಟು ಸಾವಿರ ಮಾರು ಹೂವು ಮರೆಯಾಗಿ ಹೋಯಿತು!

ಕೂಡ್ಲಿಗಿ, ಹರಪನಹಳ್ಳಿಗಳ ಕಡೆಗೆ ಬಂದರೆ ಚಿತ್ರ ಬೇರೆ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು ಇಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ಮಲೆನಾಡಿನ ಕಾಫಿ ತೋಟಗಳಿಗೆ, ಕಬ್ಬಿನ ಗದ್ದೆಗಳಿಗೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಕುಟುಂಬಗಳು ಹೊರಡುತ್ತವೆ. ಆಗ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, ಓದುವ ಮಗಳನ್ನು ಏನು ಮಾಡಬೇಕು ಎಂಬುದು. ಕರೆದೊಯ್ದರೆ ಓದು ನಿಲ್ಲುತ್ತದೆ, ಆದರೆ ಅಡುಗೆಗೆ, ಎಳೆಯ ಕೂಸನ್ನು ನೋಡಿಕೊಳ್ಳುವುದಕ್ಕೆ ಒಂದು ಕೈ ಆಗುತ್ತದೆ. ಬಿಟ್ಟು ಹೋದರೆ ಓದು ಉಳಿಯುತ್ತದೆ, ಆದರೆ ಆ ಒಂದು ಕೈಯ ಕೆಲಸ ತಾಯಿಯ ಪಾಲಿಗೆ ಬೀಳುತ್ತದೆ. ಮಗಳನ್ನು ಅಜ್ಜಿಯ ಬಳಿಯಲ್ಲಿಯೋ ವಿದ್ಯಾರ್ಥಿನಿಲಯದಲ್ಲಿಯೋ ಬಿಟ್ಟು ಬಸ್ಸು ಹತ್ತಿದ ತಾಯಂದಿರು ಈ ಲೆಕ್ಕವನ್ನು ಬಾಯಿಬಿಟ್ಟು ಹೇಳಿದವರಲ್ಲ. ಅವರು ಮಾಡಿದ್ದು ಒಂದು ನಿರ್ಣಯ. ಅದನ್ನು 'ತಾಯಿಯ ಕರುಳು' ಎಂದು ಕರೆಯುವಾಗ ಆ ನಿರ್ಣಯದ ಹಿಂದಿದ್ದ ಬುದ್ಧಿಯನ್ನು ನಾವು ಗುರುತಿಸದೆ ಹೋಗುತ್ತೇವೆ. ಕರುಳು ಎಲ್ಲರಿಗೂ ಇರುತ್ತದೆ. ಹತ್ತು ವರ್ಷ ಮುಂದಿನದನ್ನು ಕಾಣುವ ದೃಷ್ಟಿ ಎಲ್ಲರಿಗೂ ಇರುವುದಿಲ್ಲ.

ಮಗಳ ಮೆಚ್ಚುಗೆ ಸಾಕ್ಷ್ಯವಾದರೆ ಏನು ಉಳಿಯುತ್ತದೆ ಎಂಬುದಕ್ಕೆ ನಾಡೇ ಬಲ್ಲ ನಿದರ್ಶನವೊಂದು ತುಂಗಭದ್ರೆಯ ಆಚೆಯ ಧಾರವಾಡ ಸೀಮೆಯಲ್ಲಿದೆ. ಹಿಂದುಸ್ತಾನಿ ಸಂಗೀತದ ಮಹಾಗಾಯಕಿ ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಜನಿಸಿ 2009ರಲ್ಲಿ ತೀರಿಕೊಂಡರು. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತವನ್ನು ಬಲ್ಲ ಗಾಯಕಿ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರಂತಹವರು ಧಾರವಾಡಕ್ಕೆ ಬಂದಾಗ ಅಂಬಾಬಾಯಿಯವರ ಹಾಡುಗಾರಿಕೆಯನ್ನು ಕೇಳುತ್ತಿದ್ದರು. ಮಗಳು ಹಿಂದುಸ್ತಾನಿ ಪದ್ಧತಿಯಲ್ಲಿ ಬೆಳೆಯಬೇಕೆಂದು ನಿಶ್ಚಯವಾಯಿತು. ಆಗ ಅಂಬಾಬಾಯಿಯವರು ಒಂದು ಕೆಲಸ ಮಾಡಿದರು. ತಮ್ಮ ಹಾಡಿನ ಛಾಯೆ ಮಗಳ ಕಂಠದ ಮೇಲೆ ಬೀಳಬಾರದೆಂದು ತಾವೇ ಹಾಡುವುದನ್ನು ನಿಲ್ಲಿಸಿಬಿಟ್ಟರು. ಸಂಸಾರ ಧಾರವಾಡವನ್ನು ಬಿಟ್ಟು ಹುಬ್ಬಳ್ಳಿಗೆ ಬಂದದ್ದೂ ಮಗಳ ಶಿಕ್ಷಣಕ್ಕಾಗಿಯೇ. ಮಗಳಿಗೆ ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ ತಾಯಿ ತೀರಿಕೊಂಡರು. ಮುಂದೆ ಆ ಮಗಳಿಗೆ 1971ರಲ್ಲಿ ಪದ್ಮಭೂಷಣವೂ 2002ರಲ್ಲಿ ಪದ್ಮವಿಭೂಷಣವೂ ಸಂದುದನ್ನು ನೋಡಲು ಆಕೆ ಇರಲಿಲ್ಲ.

ನನಗೆ ಮುಖ್ಯವೆನಿಸುವುದು ಇದರ ಮುಂದಿನ ಸಂಗತಿ. ಅಂಬಾಬಾಯಿಯವರ ತ್ಯಾಗ ನಮಗೆ ತಿಳಿದದ್ದು ಹೇಗೆ? ಗಂಗೂಬಾಯಿಯವರು ಅದನ್ನು ಮತ್ತೆ ಮತ್ತೆ ಹೇಳಿದ್ದರಿಂದ. ಖ್ಯಾತಿಯ ಶಿಖರದಲ್ಲಿ ನಿಂತು, ತಮ್ಮ ಕಥೆಯನ್ನು ಹೇಳಿಕೊಳ್ಳುವಾಗ, ತಾಯಿಯ ಹೆಸರನ್ನೂ ಆಕೆಯ ವಿದ್ಯೆಯನ್ನೂ ಆಕೆ ಬಿಟ್ಟುಕೊಟ್ಟದ್ದನ್ನೂ ಅವರು ಸ್ಪಷ್ಟವಾಗಿ ಹೇಳಿದರು. 'ನನ್ನ ತಾಯಿ ದೇವತೆಯಂತಿದ್ದರು' ಎಂದಷ್ಟೇ ಹೇಳಿ ಬಿಟ್ಟಿದ್ದರೆ ಅಂಬಾಬಾಯಿ ಎಂಬ ಗಾಯಕಿ ಇದ್ದರೆಂಬುದೇ ಇಂದು ಎಷ್ಟು ಜನರಿಗೆ ತಿಳಿಯುತ್ತಿತ್ತು?

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯಕ. ತ್ಯಾಗವನ್ನು ಹೊಗಳುತ್ತ ಹೊಗಳುತ್ತ ಅದನ್ನು ಕಟ್ಟಳೆಯನ್ನಾಗಿ ಮಾಡಿಬಿಡುವ ಅಭ್ಯಾಸ ನಮ್ಮಲ್ಲಿದೆ. ಅಂಬಾಬಾಯಿ ಹಾಡು ನಿಲ್ಲಿಸಿದರೆಂದು ಎಲ್ಲ ತಾಯಂದಿರೂ ಬಾಯಿ ಮುಚ್ಚಿಕೊಳ್ಳಬೇಕೆಂದು ಅರ್ಥವಲ್ಲ. ಆ ಮೌನದಿಂದ ಹಿಂದುಸ್ತಾನಿ ಸಂಗೀತಕ್ಕೆ ದೊಡ್ಡ ಲಾಭವಾಯಿತು, ನಿಜ. ಕರ್ನಾಟಕ ಸಂಗೀತಕ್ಕೆ ಒಂದು ಕಂಠ ನಷ್ಟವಾದದ್ದೂ ಅಷ್ಟೇ ನಿಜ. ಕೃತಜ್ಞಳಾದ ಮಗಳು ಲಾಭವನ್ನು ಮಾತ್ರವಲ್ಲದೆ ನಷ್ಟವನ್ನೂ ಕಾಣುತ್ತಾಳೆ. ಐದನೆಯ ತರಗತಿಗೆ ಓದು ಬಿಟ್ಟ ಅವ್ವ ತನ್ನನ್ನು ಪದವಿಯವರೆಗೆ ಓದಿಸಿದಳೆಂದು ಹೆಮ್ಮೆಪಡುವ ಮಗಳು, ಅವ್ವ ಏಕೆ ಐದಕ್ಕೇ ನಿಂತಳು ಎಂದು ಕೇಳದಿದ್ದರೆ ಆ ಹೆಮ್ಮೆ ಅರ್ಧವೇ ಸರಿ.

ಹೆತ್ತವಳೇ ತಾಯಿಯಾಗಬೇಕೆಂಬ ನಿಯಮವೂ ಇಲ್ಲ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ದಾರಿಯಲ್ಲಿ ಮರಿಯಮ್ಮನಹಳ್ಳಿ ಸಿಗುತ್ತದೆ. ರಂಗಭೂಮಿಗೂ ಜನಪದ ಕಲೆಗೂ ಹೆಸರಾದ ಆ ಊರಿನಲ್ಲಿ ನೆಲೆಸಿದವರು ಮಂಜಮ್ಮ ಜೋಗತಿ. ಗಂಡಾಗಿ ಹುಟ್ಟಿ ತಾನು ಹೆಣ್ಣೆಂದು ಅರಿತುಕೊಂಡ, ಅದರಿಂದ ಮನೆಯಿಂದಲೂ ಸಮಾಜದಿಂದಲೂ ದೂರಾದ ಅವರಿಗೆ ಜೋಗತಿ ನೃತ್ಯವನ್ನು ಕಲಿಸಿ, ಬಾಳಿಗೊಂದು ದಾರಿ ತೋರಿಸಿದವರು ಹಿರಿಯ ಕಲಾವಿದೆ ಕಾಳವ್ವ ಜೋಗತಿ. ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಅವರ ಜೀವನಕಥೆಯನ್ನು ಕೇಳಿದವರಿಗೆ ಕಾಳವ್ವನ ಹೆಸರೂ ಜೊತೆಗೇ ಕೇಳಿಸುತ್ತದೆ. ಮಗಳಾಗುವುದಕ್ಕೆ ಇಷ್ಟು ಸಾಕಲ್ಲವೆ?

ಇನ್ನು ಹೆಸರಿನ ವಿಚಾರ. ನಮ್ಮ ಹಳ್ಳಿಗಳಲ್ಲಿ ಮದುವೆಯಾಗಿ ಬಂದ ಹೆಂಗಸು ಕೆಲವು ದಿನ ಇಂಥವರ ಸೊಸೆ, ಆಮೇಲೆ ಇಂಥವರ ಹೆಂಡತಿ, ಕೊನೆಗೆ ಇಂಥವರ ಅವ್ವ. ತವರಿನಲ್ಲಿ ತೊಟ್ಟಿಲಿಗೆ ಹಾಕಿದ ದಿನ ಇಟ್ಟ ಹೆಸರನ್ನು ಪಡಿತರ ಚೀಟಿ ಮಾತ್ರ ನೆನಪಿಟ್ಟಿರುತ್ತದೆ. ಹಿಂದೆ ಹೀಗೆಯೇ ಇತ್ತೆಂದು ಭಾವಿಸಬೇಕಾಗಿಲ್ಲ. ಸಾತವಾಹನ ಚಕ್ರವರ್ತಿ ತನ್ನನ್ನು ಗೌತಮೀಪುತ್ರ ಸಾತಕರ್ಣಿ ಎಂದು ಕರೆದುಕೊಂಡನು. ಅವನ ಮಗನು ವಾಸಿಷ್ಠೀಪುತ್ರ ಪುಳುಮಾವಿ. ಅರಸರು ತಾಯಿಯ ಕಡೆಯಿಂದ ತಮ್ಮನ್ನು ಗುರುತಿಸಿಕೊಳ್ಳಲು ನಾಚಲಿಲ್ಲ. ಆ ಸಾತವಾಹನರ ಹೆಸರನ್ನು ಹೊತ್ತ 'ಸಾತಾಹನಿ ರಟ್ಠ' ಎಂಬ ನಾಡಿನ ಉಲ್ಲೇಖ ಬರುವುದು, ಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನದಲ್ಲಿ. ಛಾಂದೋಗ್ಯ ಉಪನಿಷತ್ತಿನಲ್ಲಿ ಸತ್ಯಕಾಮನ ಕಥೆ ಇದೆ. ಗುರುವಿನ ಬಳಿಗೆ ಹೊರಟ ಬಾಲಕನು ತನ್ನ ಗೋತ್ರ ಯಾವುದೆಂದು ತಾಯಿ ಜಬಾಲೆಯನ್ನು ಕೇಳುತ್ತಾನೆ. ತನಗೆ ತಿಳಿಯದೆಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿ, ತನ್ನ ಹೆಸರನ್ನೇ ಮಗನಿಗೆ ಕೊಡುತ್ತಾಳೆ. ಹುಡುಗನು ಅದನ್ನೇ ಗುರುವಿಗೆ ನುಡಿಯುತ್ತಾನೆ. ಸತ್ಯದಿಂದ ಕದಲಲಿಲ್ಲವೆಂದು ಗೌತಮ ಋಷಿ ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸುತ್ತಾನೆ. ಸತ್ಯಕಾಮ ಜಾಬಾಲನೆಂದೇ ಅವನು ಪ್ರಸಿದ್ಧನಾದನು. ಈ ಕಥೆಯನ್ನು ಹೇಳುವಾಗ ಹುಡುಗನ ಸತ್ಯವನ್ನು ಎಲ್ಲರೂ ಮೆಚ್ಚುತ್ತಾರೆ. ಮೊದಲು ಸತ್ಯ ನುಡಿದವಳು ಜಬಾಲೆಯಲ್ಲವೆ?

ಇದು ಹಳೆಯ ಕಥೆಯೆಂದು ಪುಸ್ತಕ ಮುಚ್ಚುವಂತಿಲ್ಲ. ಈ ಐದು ತಾಲ್ಲೂಕುಗಳನ್ನೂ ಒಳಗೊಂಡಂತೆ ಉತ್ತರ ಮತ್ತು ಮಧ್ಯ ಕರ್ನಾಟಕದ ಹಲವೆಡೆ, ಬಡ ಹೆಣ್ಣುಮಕ್ಕಳಿಗೆ, ಅದರಲ್ಲಿಯೂ ದಲಿತ ಕುಟುಂಬಗಳ ಹೆಣ್ಣುಮಕ್ಕಳಿಗೆ, ದೇವರ ಹೆಸರಿನಲ್ಲಿ ಮುತ್ತು ಕಟ್ಟಿ, ಮದುವೆಯ ಬಾಳನ್ನು ಇಲ್ಲವಾಗಿಸಿ, ಶೋಷಣೆಗೆ ಒಡ್ಡುತ್ತಿದ್ದ ದೇವದಾಸಿ ಪದ್ಧತಿ ಇತ್ತು. ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಆ ಪ್ರಾಂತದ ಶಾಸನಸಭೆಯಲ್ಲಿ ಇದರ ವಿರುದ್ಧ ದನಿಯೆತ್ತಿದವರು ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ. ಅವರ ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದಲ್ಲಿಯೇ ಹುಟ್ಟಿದವರು. 1947ರಲ್ಲಿ ಮದರಾಸಿನ ಕಾಯಿದೆ ಬಂದಿತು. 1982ರಲ್ಲಿ ಕರ್ನಾಟಕದ ಕಾಯಿದೆ ಬಂದಿತು. ಕಾಯಿದೆ ಬಂದ ಮಾತ್ರಕ್ಕೆ, ಅದಾಗಲೇ ಬಲಿಯಾದವರ ಬದುಕು ನೆಟ್ಟಗಾಗಲಿಲ್ಲ. 1993–94ರಲ್ಲಿಯೂ 2007–08ರಲ್ಲಿಯೂ ನಡೆದ ಎರಡು ಸಮೀಕ್ಷೆಗಳು ರಾಜ್ಯದಲ್ಲಿ ಒಟ್ಟು 46,660 ಮಂದಿ ದೇವದಾಸಿಯರನ್ನು ಗುರುತಿಸಿದವು. ಅವರಲ್ಲಿ ಅನೇಕರು ತಾಯಂದಿರು. ಹೊಲದ ಕೂಲಿಗೆ ಹೋಗಿ, ಗುಳೆ ಹೋಗಿ, ತನಗಾದದ್ದು ಮಗಳಿಗೆ ಆಗಬಾರದೆಂದು ಊರಿನ ಹಿರಿಯರನ್ನೂ ಮನೆಯವರನ್ನೂ ಎದುರು ಹಾಕಿಕೊಂಡು ಶಾಲೆಗೆ ಕಳಿಸಿದವರು ಅವರು. ಪದ್ಧತಿಯನ್ನು ಮುರಿದ ಕೀರ್ತಿಯಲ್ಲಿ ಸರಕಾರಕ್ಕೂ ಸಂಘಸಂಸ್ಥೆಗಳಿಗೂ ಸಲ್ಲಬೇಕಾದ ಪಾಲು ಇದೆ. ಆದರೆ 'ನನ್ನ ಮಗಳಿಗೆ ಕಟ್ಟಗೊಡುವುದಿಲ್ಲ' ಎಂದು ಬಾಗಿಲಲ್ಲಿ ನಿಂತ ತಾಯಿಯ ಪಾಲು ಎಲ್ಲಕ್ಕಿಂತ ಹಿರಿದು.

ಇಂತಹ ಮಗಳು ಶಾಲೆಯ ಮೆಟ್ಟಿಲು ಹತ್ತಿದಾಗ ಎದುರಾಗುತ್ತಿದ್ದುದು ಅರ್ಜಿಯ ಒಂದು ಅಂಕಣ: ತಂದೆಯ ಹೆಸರು. ನಾನು ಉಪಾಧ್ಯಾಯ ವೃತ್ತಿಗೆ ಸೇರಿದ ಮೊದಲ ವರ್ಷಗಳಲ್ಲಿ ಒಬ್ಬ ಹುಡುಗಿ ಎಂಟನೆಯ ತರಗತಿಗೆ ಸೇರಲು ಒಬ್ಬಳೇ ಬಂದಿದ್ದಳು. ಆಕೆಯ ತಾಯಿ ಕೂಲಿ ತಪ್ಪುವುದೆಂದು ಬಂದಿರಲಿಲ್ಲ. ಗುಮಾಸ್ತರು ಆ ಅಂಕಣದ ಮೇಲೆ ಲೇಖನಿ ಇಟ್ಟುಕೊಂಡು ಎರಡು ಸಲ ಕೇಳಿದರು. ಕೋಣೆಯಲ್ಲಿ ಇತರ ಮಕ್ಕಳೂ ಇದ್ದರು. ಯಾರೋ ಕಿಸಕ್ಕನೆ ನಕ್ಕರು. ಹುಡುಗಿ ನನ್ನ ಕಡೆಗೆ ತಿರುಗಿ, "ನಮ್ಮವ್ವನ ಹೆಸರು ಬರಕೊಳ್ರಿ ಅಕ್ಕೋರೆ. ನನ್ನ ಸಾಕಿದಾಕಿ ಆಕೀನ, ಓದಸಾಕಿನೂ ಆಕೀನ" ಎಂದಳು. ದನಿಯಲ್ಲಿ ಅಳುವಿರಲಿಲ್ಲ. ಲೆಕ್ಕ ಒಪ್ಪಿಸುವವಳ ಖಚಿತತೆ ಇತ್ತು. ತಾಯಿಯ ಹೆಸರನ್ನೇ ಬರೆದುಕೊಳ್ಳಲಾಯಿತು. ತಾಯಿಯನ್ನು ಕುರಿತು ಮಕ್ಕಳು ಬರೆದ ಪ್ರಬಂಧಗಳನ್ನು ನಾನು ಆಮೇಲೆ ಎಷ್ಟೋ ಓದಿದ್ದೇನೆ. ಆ ಎರಡು ವಾಕ್ಯಗಳಿಗೆ ಸಮನಾದುದನ್ನು ಕಂಡಿಲ್ಲ.

ಕಾಲ ಮೆಲ್ಲಮೆಲ್ಲನೆ ಆ ಹುಡುಗಿಯ ಕಡೆಗೆ ವಾಲಿದೆ. ತಾಯಿಯೂ ಮಗುವಿನ ಸಹಜ ಪೋಷಕಳೆಂದು 1999ರಲ್ಲಿ ಗೀತಾ ಹರಿಹರನ್ ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಅವಿವಾಹಿತ ತಾಯಿಯು ತಂದೆಯ ಹೆಸರನ್ನು ತಿಳಿಸದೆಯೇ ಮಗುವಿನ ಪೋಷಕತ್ವವನ್ನು ಪಡೆಯಬಹುದೆಂದು 2015ರಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿತು. 2016ರ ಕೊನೆಯಲ್ಲಿ ಪಾಸ್‌ಪೋರ್ಟಿನ ಅರ್ಜಿಗೆ ತಂದೆ ತಾಯಿಯರಲ್ಲಿ ಒಬ್ಬರ ಹೆಸರು ಸಾಕೆಂದಾಯಿತು. 2025ರಲ್ಲಿ ಕರ್ನಾಟಕದ ಶಾಸಕಾಂಗ ದೇವದಾಸಿಯರ ಪುನರ್ವಸತಿಯನ್ನೂ ಒಳಗೊಂಡ ಹೊಸ ಕಾಯಿದೆಯನ್ನು ಅಂಗೀಕರಿಸಿತು. ಅವರ ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರನ್ನು ತೋರಿಸಲೇಬೇಕೆಂಬ ಒತ್ತಾಯ ಅದರಿಂದ ತಪ್ಪಿತು. ಅಂಕಣದ ತೊಡಕನ್ನು ಕಾನೂನು ಬಿಡಿಸಬಲ್ಲದು. ಕೋಣೆಯಲ್ಲಿ ಕಿಸಕ್ಕನೆ ಏಳುವ ನಗುವನ್ನು ಕಾನೂನು ತಡೆಯಲಾರದು; ಅದು ಪಕ್ಕದ ಬೆಂಚಿನಲ್ಲಿ ಕುಳಿತವರ ಕೈಯಲ್ಲಿದೆ. ಈ ಪಾಠವನ್ನು ಓದುತ್ತಿರುವ ನಿಮ್ಮ ತರಗತಿಯಲ್ಲಿಯೂ ಅಂತಹ ಬೆಂಚುಗಳು ಇರಬಹುದು.

ಮೆಚ್ಚುಗೆಯನ್ನು ತಾಯಿ ಬದುಕಿರುವಾಗಲೇ ತೋರಿಸುವುದು ಒಳ್ಳೆಯದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹೇಗೆ ತೋರಿಸಬೇಕೆಂಬುದರಲ್ಲಿ ಮಾತ್ರ ನಮ್ಮವರು ಸೋಲುತ್ತಾರೆ. ಹಬ್ಬಕ್ಕೆ ಒಂದು ಸೀರೆ ತಂದು ಕೊಡುವುದು ಸುಲಭ. ಅವ್ವನ ಪಕ್ಕದಲ್ಲಿ ಕುಳಿತು, ಗುಳೆ ಹೋದ ವರ್ಷ ಎಲ್ಲಿ ಮಲಗುತ್ತಿದ್ದಿರಿ, ಕೂಲಿ ಎಷ್ಟು ಸಿಗುತ್ತಿತ್ತು, ನನ್ನ ಶುಲ್ಕಕ್ಕೆ ಯಾರ ಬಳಿ ಕೈಯೊಡ್ಡಿದಿರಿ ಎಂದು ಕೇಳಿ ಬರೆದಿಟ್ಟುಕೊಳ್ಳುವುದು ಕಷ್ಟ. ಮೊದಲು ಆಕೆ, 'ಆಗಿಂದೆಲ್ಲ ಈಗ್ಯಾಕ ಬಿಡವ್ವ' ಎಂದೇ ಅನ್ನುತ್ತಾಳೆ. ಎರಡನೆಯ ಸಲ ಕೇಳಿದಾಗ ಹೇಳತೊಡಗುತ್ತಾಳೆ. ಹಾಗೆ ಕೇಳಿದ ಹೆಣ್ಣುಮಕ್ಕಳನ್ನು ನಾನು ಬಲ್ಲೆ.

ಅಂತಹವರಲ್ಲಿ ಒಬ್ಬಳು ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿ ಹಲವು ವರ್ಷ ದುಡಿದು ಹರಪನಹಳ್ಳಿಯಲ್ಲಿ ಸಣ್ಣ ಮನೆಯೊಂದನ್ನು ಕಟ್ಟಿಸಿದಳು. ಗೋಡೆಗೆ 'ಮಾತೃಛಾಯೆ' ಎಂದೋ 'ಅಮ್ಮ ನಿಲಯ' ಎಂದೋ ಬರೆಸುವವರನ್ನು ಎಲ್ಲೆಲ್ಲಿಯೂ ಕಾಣುತ್ತೇವೆ. ಈಕೆ ಗೋಡೆಗೆ ಏನನ್ನೂ ಬರೆಸಲಿಲ್ಲ. ನಿವೇಶನದ ಪತ್ರವನ್ನೂ ಮನೆಯ ಖಾತೆಯನ್ನೂ ತಾಯಿಯ ಹೆಸರಿಗೆ ಮಾಡಿಸಿದಳು. ಗೃಹಪ್ರವೇಶದ ದಿನ ನಾನು ಹೋದಾಗ ಆ ತಾಯಿ ಹೊಸ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಮಂಡಕ್ಕಿಗೆ ಒಗ್ಗರಣೆ ಕೊಡಿಸುತ್ತಿದ್ದರು. ಮನೆ ಚೆನ್ನಾಗಿದೆಯೆಂದು ನಾನು ಹೇಳಿದ್ದಕ್ಕೆ ಮುಖವನ್ನು ಹುಸಿಮುನಿಸಿನಿಂದ ಗಂಟಿಕ್ಕಿ, "ಏನು ಚಂದ್ರಿ ಅಕ್ಕೋರೆ, ಇನ್ನು ಮುಂದ ಪುರಸಭೆ ಕಂದಾಯದ ಚೀಟೀನೂ ನನ್ನ ಹೆಸರಿಗೇ ಬರ್ತೈತಿ ಅಂತ ನೋಡ್ರಿ" ಎಂದರು. ಚೀಟಿಯಲ್ಲಿ ಹೆಸರು ಹೇಗೆ ಬರೆದಿರುತ್ತಾರೆ, ತವರಿನವರು ಇಟ್ಟ ಪೂರ್ತಿ ಹೆಸರೇ ಇರುತ್ತದೆಯೆ ಎಂದು ಆಮೇಲೆ ಮಗಳನ್ನು ಕರೆದು ಎರಡು ಸಲ ವಿಚಾರಿಸಿದರು.